ಇಟ್ಟಿಗೆಯ ಮೇಲಿನ ಬಿಳಿ ಉಂಗುರ

ಕೋಫು
ಫೆಬ್ರವರಿ ೧೭, ಭಾನುವಾರ

ನನ್ನ ಚಿನಾಮಿ,

ನಿಮ್ಮ ಮತ್ಸುಯಾಮಾದಿಂದ ಚಳಿ ಆಗಲೇ ಗಂಟುಮೂಟೆ ಕಟ್ಟಿರಬೇಕು. ಇಲ್ಲಿ ಇನ್ನೂ ಬಾಗಿಲಿಗೆ ಒರಗಿಕೊಂಡು ಕೂತಿದೆ. ನೀನು ಕಳಿಸಿದ ಕಿತ್ತಳೆಯ ಪೆಟ್ಟಿಗೆ ಬಂತು, ಅರ್ಧ ಆಗಲೇ ಖಾಲಿಯಾಗಿದೆ. ಅಳಿಯಂದಿರಿಗೂ ಪುಟ್ಟಿಗೂ ನನ್ನ ಹಾರೈಕೆ ಹೇಳು. ನಾಲ್ಕು ದಿನದಿಂದ ನೀನು ಫೋನು ಮಾಡಿ ಮಾಡಿ ಸೋತಿದ್ದೀಯ, ನಾನು ಎತ್ತಿಲ್ಲ. ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಾದರೆ ನೀನು ಅಳುತ್ತೀಯ, ನಾನು ರೇಗುತ್ತೇನೆ, ಹೇಳಬೇಕಾದ ಮಾತು ಗಂಟಲಲ್ಲೇ ಉಳಿಯುತ್ತದೆ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ.

ಬುಧವಾರ ಒಂದು ಸಲ ಸಿಕ್ಕಾಗ ನೀನು ಅಂದದ್ದು ಇನ್ನೂ ಕಿವಿಯಲ್ಲಿದೆ. "ಅಮ್ಮಾ, ಹೆತ್ತ ಮಗನ ಮೇಲೇ ಸುತ್ತಿಗೆ ಎತ್ತಿದ್ಯಂತೆ? ಅಣ್ಣನ ಕೈ ಸುಟ್ಟು ಕರಕಲಾಗಿದೆ, ಇನ್ನು ಅವನು ಹೊಟ್ಟೆಗೇನ್ ಮಾಡ್ಕೋತಾನೆ? ಗಂಡ ಹೆಂಡ್ತಿ ಜಗಳ ಅವರೇ ಸರಿ ಮಾಡ್ಕೋತಿದ್ರು. ಪೊಲೀಸ್ನೋರ ಹತ್ರ ನಂಗೇನೂ ನೆನಪಿಲ್ಲ ಅಂದ್ಬಿಡು, ಅಷ್ಟೇ." ಎಷ್ಟು ಸಲೀಸಾಗಿ ಹೇಳಿದೆ ನೀನು.

ನಾಳೆ ಬೆಳಿಗ್ಗೆ ಠಾಣೆಗೆ ಹೋಗಿ ನಾನು ಕಂಡದ್ದನ್ನು ಹೇಳಬೇಕು. ನಿಮ್ಮಣ್ಣ ಕೇಗೊ ಇನ್ನು ಹೆಂಡತಿ ಸನಾಯೆಯ ಹತ್ತಿರ ಸುಳಿಯಕೂಡದು ಎಂದು ಕೋರ್ಟು ಅಪ್ಪಣೆ ಕೊಡುತ್ತದೋ ಇಲ್ಲವೋ ಎನ್ನುವುದು ಬಹಳಮಟ್ಟಿಗೆ ನನ್ನ ಮಾತಿನ ಮೇಲೆ ನಿಂತಿದೆಯಂತೆ. ನನಗೆ ನೆನಪಿಲ್ಲ ಎಂದರೆ ಅವಳು ತಿರುಗಿ ಆ ಮನೆಗೇ ಹೋಗಬೇಕು, ಅವಳಿಗೆ ತವರೂ ಇಲ್ಲ. ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ನಾನು ಹೇಳಿ ಮುಗಿಸಿರುತ್ತೇನೆ. ಬೇಕೆಂದೇ ಇಷ್ಟು ತಡಮಾಡಿ ಬರೆಯಲು ಕೂತಿದ್ದೇನೆ. ನೀನು ತಡೆಯಬಾರದು ಅಂತ.

ಆದರೆ ನಿನಗೆ ಪೂರ್ತಿ ಗೊತ್ತಿರಬೇಕು. ನೀನು ಅಣ್ಣನ ಬಾಯಿಂದ ಕೇಳಿದ್ದೀಯ. ಅವನು ಚಿಕ್ಕಂದಿನಿಂದಲೂ ಕಥೆಯನ್ನು ತನಗೆ ಏಟು ಬಿದ್ದ ಜಾಗದಿಂದಲೇ ಶುರು ಮಾಡುವವನು.

ಜನವರಿಯಲ್ಲಿ ನಮ್ಮ ಮಹಡಿಯ ಮೇಲಿನ ನನ್ನ ಬೆಳ್ಳಿ ಆಭರಣದ ತರಗತಿಗೆ ಹೊಸಬರು ಸೇರಿದರು. ಮೊದಲ ದಿನ ನಾನು ಹೇಳುವುದೆಲ್ಲ ನಿನಗೆ ಬಾಯಿಪಾಠ: ಇದು ಬೆಳ್ಳಿಯ ಪುಡಿಗೆ ಅಂಟು ಕಲಸಿದ ಜೇಡಿ, ಹಸಿ ಇದ್ದಾಗ ನಾದಿದ ಅಕ್ಕಿಹಿಟ್ಟು, ಒಣಗಿದರೆ ಬಿಸ್ಕತ್ತು, ಬೆಂಕಿಗೆ ಹಾಕಿದರೆ ಅಂಟು ಸುಟ್ಟುಹೋಗಿ ಅಪ್ಪಟ ಬೆಳ್ಳಿ ಉಳಿಯುತ್ತದೆ. ಆದರೆ ಬೆಂದ ಮೇಲೆ ಕುಗ್ಗುತ್ತದೆ, ಅದಕ್ಕೇ ಉಂಗುರವನ್ನು ಬೆರಳಿಗಿಂತ ದೊಡ್ಡದು ಮಾಡಬೇಕು. ಅಮೆಮಿಯಾ ಅಜ್ಜಿ ನಿನಗೆ ನೆನಪಿರಬೇಕು, ಸೇತುವೆಯ ಹತ್ತಿರ ಮೀನಿನ ಅಂಗಡಿ ಇಟ್ಟಿದ್ದವರು. ವರ್ಷಗಟ್ಟಲೆ ಬರುತ್ತಿದ್ದರೂ ಇದುವರೆಗೆ ಒಂದು ಉಂಗುರ ಮುಗಿಸಿಲ್ಲ, ಬಾಯಿ ಮಾತ್ರ ನಿಲ್ಲುವುದಿಲ್ಲ. "ನೋಡಿ ಟೀಚರಮ್ಮ, ನಿಮ್ಮ ಬೆಳ್ಳಿ ಬೆಂದ್ರೆ ಸಣ್ಣ ಆಗತ್ತೆ. ನಮ್ಮೆಜಮಾನ್ರು ಬದುಕಿರೋವಷ್ಟು ದಿನ ನನ್ನ ಬೇಯಿಸಿದ್ದೇ ಬೇಯಿಸಿದ್ದು, ನಾನೊಂದು ಚೂರಾದ್ರೂ ಸಣ್ಣ ಆದ್ನಾ?" ಎಂದರು. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಸನಾಯೆಯನ್ನು ನೀನು ಮದುವೆಯಲ್ಲೂ ಆಮೇಲೆ ಒಂದೆರಡು ಹೊಸವರ್ಷಕ್ಕೂ ನೋಡಿದ್ದು, ಅಷ್ಟೇ. ವಾರಕ್ಕೊಮ್ಮೆ ಬಂದು ಗಾಜಿನ ಮಣಿ ಮಾಡುವುದನ್ನು ಅವಳೇ ಕಲಿಸುತ್ತಾಳೆ. ಉರಿಯ ಮುಂದೆ ಗಾಜಿನ ಕಡ್ಡಿ ಕರಗಿಸಿ ಕಬ್ಬಿಣದ ಸರಳಿಗೆ ಸುತ್ತುವಾಗ ಅವಳ ಬೆರಳು ಒಂದು ಕ್ಷಣ ನಿಲ್ಲುವುದಿಲ್ಲ. ನಿಂತರೆ ಮಣಿ ಜೋತುಬೀಳುತ್ತದೆ. ಅವಳ ಮಣಿ ಯಾವತ್ತೂ ಜೋತುಬಿದ್ದದ್ದಿಲ್ಲ. ಅಂದು ಹೊಸಬರಿಗೆ ಅಳತೆ ತೋರಿಸಲು ಅವಳ ಎಡಗೈ ಎಳೆದುಕೊಂಡು ಉಂಗುರದ ಬೆರಳಿಗೆ ಅಳತೆಯ ಉಂಗುರ ತೊಡಿಸಿದೆ. ಹೋಗಲಿಲ್ಲ. ಶರತ್ಕಾಲದಲ್ಲಿ ಮದುವೆಯ ಉಂಗುರದವರೆಗೂ ಸಲೀಸಾಗಿ ಹೋಗಿತ್ತು. ಅದರ ಮೇಲಿನ ಅಳತೆಯದೂ ಹೋಗಲಿಲ್ಲ, ಅದರ ಮೇಲಿನದೂ ಇಲ್ಲ. ಅಜ್ಜಿ, "ಸೊಸೆಗೆ ಚೆನ್ನಾಗಿ ತಿನ್ನಿಸಿದ್ದೀರಿ ಬಿಡಿ" ಎಂದರು. ಸನಾಯೆಯೂ ನಕ್ಕಳು. ಪಕ್ಕದ ಬೆರಳುಗಳಿಗೆ ಹಾಕಿ ನೋಡಿದೆ, ಅವೆಲ್ಲ ಮೊದಲಿದ್ದ ಹಾಗೇ ಇದ್ದವು. ಒಂದೇ ಬೆರಳಿಗೆ ಮೈ ಬರುವವರನ್ನು ನಾನು ಇಷ್ಟು ವರ್ಷದಲ್ಲಿ ಕಂಡಿಲ್ಲ.

ಎಲ್ಲರೂ ಹೋದ ಮೇಲೆ ಬಾಗಿಲು ಹಾಕಿ ಕೇಳಿದೆ. ಮೊದಲು ಏನೂ ಇಲ್ಲ ಎಂದಳು. ನಾನು ಬಿಡುವವಳೇ? ಆಮೇಲೆ ಹೇಳಿದಳು. ಸಾರು ತಣ್ಣಗಿತ್ತಂತೆ. ಕೇಗೊ ಎದ್ದು ಬಂದು ಮದುವೆಯ ಉಂಗುರ ಇದ್ದ ಆ ಬೆರಳನ್ನೇ ಹಿಡಿದು, ನಿಧಾನವಾಗಿ, ಮಾತಾಡುತ್ತಾ ಮಾತಾಡುತ್ತಾ ಹಿಂದಕ್ಕೆ ಮಡಚಿದನಂತೆ. ತೋಳು ಸರಿಸಿ ತೋರಿಸಿದಳು. ಬೆನ್ನು ತೋರಿಸಿದಳು. ಚಿನಾಮಿ, ಅದನ್ನು ಇಲ್ಲಿ ಬರೆಯುವುದಿಲ್ಲ, ನಿನ್ನ ಮನೆಯಲ್ಲಿ ಪುಟ್ಟಿ ಓದುವುದನ್ನು ಕಲಿಯುತ್ತಿದ್ದಾಳೆ. ಅಷ್ಟು ಹೊತ್ತಿಗೆ ಉಂಗುರ ಊತದೊಳಗೆ ಹೂತುಹೋಗಿ ಬೆರಳ ತುದಿ ನೀಲಿಯಾಗಿತ್ತು. ಅಲ್ಲೇ ಕೂರಿಸಿ ಉಂಗುರ ಕತ್ತರಿಸಿದೆ. ಅವಳು ಅತ್ತದ್ದು ನೋವಿಗಲ್ಲ. "ಅತ್ತೆ, ಅವ್ರು ಕೇಳಿದ್ರೆ ಏನ್ ಹೇಳ್ಲಿ?" ಎಂದು ಅತ್ತಳು. ಅಂದಿನಿಂದ ಅವಳನ್ನು ನಾನು ಹಿಂದಕ್ಕೆ ಕಳಿಸಲಿಲ್ಲ.

ಇನ್ನೊಂದು ಮಾತೂ ಅಂದು ತಿಳಿಯಿತು. ಅವಳು ಮನೆಯಲ್ಲಿ ಜೇಡಿಯಲ್ಲಿ ಏನಾದರೂ ಮಾಡಿ ಒಣಗಲು ಇಟ್ಟರೆ ಕೇಗೊ ಅದನ್ನು ಎತ್ತಿಕೊಂಡು ಅವಳ ಮುಖವನ್ನೇ ನೋಡುತ್ತಾ ಮುಷ್ಟಿಯಲ್ಲಿ ಪುಡಿ ಮಾಡುತ್ತಿದ್ದನಂತೆ. ಎಲೆ, ಹೂವು, ಹಕ್ಕಿ, ಏನಿದ್ದರೂ ಸರಿ. "ಏನ್ ಮಹಾ ಬೆಳ್ಳಿ ಇದು, ಹಪ್ಪಳ" ಎನ್ನುತ್ತಿದ್ದನಂತೆ. ಸ್ಫಟಿಕ ಕೆತ್ತುವವನಿಗೆ, ಕಲ್ಲಿಗೆ ಜೀವ ತರುವವನಿಗೆ, ಇದೆಂಥ ಚಟ!

ಅವನು ಬಂದದ್ದು ಹೋದ ಮಂಗಳವಾರ, ತರಗತಿ ನಡೆಯುತ್ತಿರುವಾಗಲೇ. ಅಂದು ಅಮೆಮಿಯಾ ಅಜ್ಜಿಯ ಉಂಗುರ ಕೊನೆಗೂ ಬೆಂಕಿಗೆ ಹೋಗಿತ್ತು. ಗಂಡ ಯಾವತ್ತೂ ಕೊಡಿಸದ ಉಂಗುರವನ್ನು ತಾನೇ ಮಾಡಿಕೊಳ್ಳುತ್ತೇನೆ ಎಂದು ಪಟ್ಟು ಹಿಡಿದಿದ್ದರು. ಜಾಲರಿಯ ಮೇಲೆ ಕೆಂಪಗೆ ಕಾದದ್ದನ್ನು ಚಿಮಟದಲ್ಲಿ ಎತ್ತಿ ಇಟ್ಟಿಗೆಯ ಮೇಲಿಟ್ಟೆ. ಕೆಂಪು ಕಣ್ಣೆದುರೇ ಇಳಿದು ಸುಣ್ಣದ ಹಾಗೆ ಬೆಳ್ಳಗಾಯಿತು. ಹೊಸಬರಿಗೆ ಹೇಳಿದೆ: "ಇದು ಒಣಗಿದ ಜೇಡಿ ತರಹವೇ ಕಾಣತ್ತೆ, ತಣ್ಣಗಿರೋ ಹಾಗೆ ಕಾಣತ್ತೆ. ಯಾರೂ ಮುಟ್ಟಬೇಡಿ." ಅಷ್ಟು ಹೇಳಿ ಮುಗಿಸಿರಲಿಲ್ಲ, ಮೆಟ್ಟಿಲ ಮೇಲೆ ಶೂಗಳ ಸದ್ದು.

ಶೂ ಬಿಚ್ಚಲಿಲ್ಲ, ಚಿನಾಮಿ. ನಾನು ಅವನಿಗೆ ನಡೆಯಲು ಕಲಿಸಿದ ಮನೆಯೊಳಗೆ ಶೂ ಹಾಕಿಕೊಂಡೇ ಬಂದ. ಕುಡಿದಿರಲಿಲ್ಲ. ಕುಡಿದಿದ್ದರೆ ಅದನ್ನಾದರೂ ಹೇಳಿಕೊಳ್ಳಬಹುದಿತ್ತು. ಎಲ್ಲರಿಗೂ ತಲೆಬಾಗಿ, "ತರಗತಿಗೆ ತೊಂದ್ರೆ ಕೊಡ್ತಿದೀನಿ, ಕ್ಷಮಿಸಿ" ಎಂದ. ಆಮೇಲೆ ನನ್ನ ಕಡೆ ತಿರುಗಿ, "ನಾನು ಹಾಕಿದ ಉಂಗುರ ಕತ್ತರಿಸಿದ್ದು ಯಾರು?" ಎಂದು ಕೇಳಿದ.

"ನಾನು" ಎಂದೆ. "ಬೇಕಿದ್ರೆ ತೂಕ ಮಾಡಿ ತಗೊಂಡ್ಹೋಗು."

"ಅಮ್ಮ, ನೀನು ಇದ್ರಲ್ಲಿ ತಲೆ ಹಾಕ್ಬೇಡ. ಏಯ್, ಎದ್ದೇಳು, ಮನೆಗೆ ನಡಿ."

ಸನಾಯೆ ಏಳಲಿಲ್ಲ. ಉರಿಯ ಮುಂದೆ ಕೂತವಳು ಸರಳು ತಿರುಗಿಸುತ್ತಲೇ ಇದ್ದಳು. ಗಂಡ ಕರೆದಾಗ ಅವಳು ಏಳದೆ ಇದ್ದದ್ದು ಅದೇ ಮೊದಲಿರಬೇಕು. ಕೇಗೊ ಕಿಟಕಿಯ ಹತ್ತಿರದ ಹಲಗೆಗೆ ಹೋದ. ಅಲ್ಲಿ ಹೊಸಬರು ಮಾಡಿದ್ದೆಲ್ಲ ಒಣಗುತ್ತಿತ್ತು. ಒಂದು ಎಲೆ ಎತ್ತಿಕೊಂಡು ಅವಳನ್ನು ನೋಡುತ್ತಾ ಮುಷ್ಟಿ ಬಿಗಿದ. ಪುಡಿ ನೆಲಕ್ಕೆ ಬಿತ್ತು. ಇನ್ನೊಂದು. ಮತ್ತೊಂದು. ಯಾರೋ ಪಾಪ ಮಗಳ ಹೆರಿಗೆಗೆಂದು ಮಾಡಿದ್ದ ಪುಟ್ಟ ಪಾದವನ್ನೂ ಬಿಡಲಿಲ್ಲ. ಹೊಸಬರು ಗೋಡೆಗೆ ಅಂಟಿಕೊಂಡು ನಿಂತುಬಿಟ್ಟಿದ್ದರು. ಅಮೆಮಿಯಾ ಅಜ್ಜಿ ಮಾತ್ರ, "ಲೋ, ನಿಂಗೆ ನಾನು ಮೀನಿನ ಮುಳ್ಳು ತೆಗೆದು ಕೊಡ್ತಿದ್ದೆ, ಮರ್ತ್ಬಿಟ್ಯಾ?" ಎಂದು ಕೂಗಿದರು.

ಹಲಗೆ ಖಾಲಿಯಾಯಿತು. ಅವನ ಕಣ್ಣು ಇಟ್ಟಿಗೆಯ ಮೇಲಿದ್ದ ಬಿಳಿ ಉಂಗುರದ ಮೇಲೆ ಬಿತ್ತು.

ಇದನ್ನು ಸರಿಯಾಗಿ ಓದು. ಅವನ ಕೈ ಚಾಚಿದ್ದನ್ನು ನಾನು ನೋಡಿದೆ. ಒಂದು ಮಾತು ಹೇಳುವಷ್ಟು ಸಮಯ ಇತ್ತು. ನನ್ನ ಬಾಯಿ ತೆರೆಯಲಿಲ್ಲ. ಕೂಗಿದ್ದು ಸನಾಯೆ: "ರೀ, ಬೇಡ, ಮುಟ್ಬೇಡಿ, ಬಿಸಿ ಇದೆ!" ತಾನು ಮಾಡಿದ್ದನ್ನು ಉಳಿಸಿಕೊಳ್ಳಲು ಸುಳ್ಳು ಹೇಳುತ್ತಿದ್ದಾಳೆ ಎಂದು ಅವನು ಅಂದುಕೊಂಡಿರಬೇಕು. ನಕ್ಕ. ಎತ್ತಿಕೊಂಡು, ಪುಡಿ ಮಾಡಲು ಎಷ್ಟು ಬಲ ಬೇಕೋ ಅಷ್ಟೂ ಬಲ ಹಾಕಿ ಮುಷ್ಟಿ ಮುಚ್ಚಿದ.

ಅದು ಪುಡಿಯಾಗಲಿಲ್ಲ. ಚರ್ರೆಂದಿತು. ಆ ಸದ್ದೂ ಆ ವಾಸನೆಯೂ ಇನ್ನೂ ನನ್ನನ್ನು ಬಿಟ್ಟಿಲ್ಲ, ಬಾಣಲೆಯನ್ನು ಒಲೆಗಿಡುವುದನ್ನೇ ಬಿಟ್ಟಿದ್ದೇನೆ. ಅವನು ಅರಚಿದ್ದು ಮನುಷ್ಯರ ಧ್ವನಿಯಲ್ಲಿ ಅಲ್ಲ. ಮುಷ್ಟಿ ಬಿಚ್ಚಿದರೂ ಉಂಗುರ ಬೀಳಲಿಲ್ಲ, ಅಂಗೈಗೆ ಕಚ್ಚಿಕೊಂಡಿತ್ತು. ಕೈ ಝಾಡಿಸಿದ, ಚರ್ಮದೊಂದಿಗೆ ಕಿತ್ತುಬಂತು.

ಅಷ್ಟಾದ ಮೇಲೆ ಮನುಷ್ಯ ನೀರಿಗೆ ಓಡುತ್ತಾನೆ, ಅಲ್ಲವೇ? ಅವನು ಸನಾಯೆಯ ಕಡೆ ಓಡಿದ. "ಬೇಕೂಂತ್ಲೇ ಇಟ್ಟಿದೀಯ, ಬೇಕೂಂತ್ಲೇ!" ಎಂದು ಚೀರುತ್ತಾ ಎಡಗೈಯಿಂದ ಅವಳ ಕೂದಲು ಹಿಡಿದು ಮುಖವನ್ನು ಉರಿಯ ಕಡೆ ಒತ್ತಿದ. ಬಿಸಿ ಮಣಿ ಇದ್ದ ಸರಳು ಅವಳ ಮಡಿಲಿಗೆ ಬಿತ್ತು. ಗಾಜಿನ ಕಡ್ಡಿಗಳ ಡಬ್ಬಿ ಉರುಳಿ ನೆಲವೆಲ್ಲ ಚೂರು. ಅವಳ ಮುಂಗೂದಲು ಹೊತ್ತಿಕೊಂಡಿತು. ಅವಳು ಕಿರುಚಲೂ ಇಲ್ಲ, ಎರಡು ಕೈಯನ್ನೂ ಮೇಜಿಗೆ ಒತ್ತಿ ಹಿಂದಕ್ಕೆ ತಳ್ಳುತ್ತಿದ್ದಳು. ಅಮೆಮಿಯಾ ಅಜ್ಜಿ ಕೋಲಿನಿಂದ ಅವನ ಬೆನ್ನಿಗೆ ಬಾರಿಸುತ್ತಿದ್ದರು, ದಿಂಬಿನ ಧೂಳು ಕೊಡವಿದ ಹಾಗೆ. ಅವನಿಗೆ ಅದು ತಾಕಲೇ ಇಲ್ಲ.

ನನ್ನ ಕೈಗೆ ಸಿಕ್ಕಿದ್ದು ಬೆಳ್ಳಿ ತಟ್ಟುವ ಸುತ್ತಿಗೆ. ಕೂದಲು ಹಿಡಿದಿದ್ದ ಅವನ ಮಣಿಕಟ್ಟಿಗೆ ಹೊಡೆದೆ. ಹೆದರಿಸಲು ಹೊಡೆದದ್ದಲ್ಲ, ಮುರಿಯಲಿ ಎಂದೇ ಹೊಡೆದೆ. ಕೈ ಬಿಟ್ಟ, ಮೊಣಕಾಲೂರಿದ. ಆಮೇಲಿನದು ಗೊಂದಲ. ಅಜ್ಜಿ ಹಿಂದಿನಿಂದ ನನ್ನ ಸೊಂಟ ತಬ್ಬಿಕೊಂಡು, "ಸಾಕು ಟೀಚರಮ್ಮ, ಸಾಕು, ಕೊಂದ್ಹಾಕ್ಬಿಡ್ತೀರಿ" ಎನ್ನುತ್ತಿದ್ದರು. ಕೇಗೊ ಎದ್ದುಬಿದ್ದು ಮೆಟ್ಟಿಲಿಳಿದು ಹೋದ. ಹೊಸಬರಲ್ಲಿ ಒಬ್ಬಾಕೆ ಸನಾಯೆಯ ತಲೆಯ ಮೇಲೆ ಬೆಳ್ಳಿ ತಣಿಸುವ ನೀರಿನ ಬೋಗುಣಿ ಸುರಿದಿದ್ದಳು. ಪೊಲೀಸರು ಬಂದಾಗ ಸನಾಯೆ ತೊಪ್ಪೆಯಾಗಿ ನೆಲದ ಗಾಜು ಆರಿಸುತ್ತಿದ್ದಳು, ಏಳು ಎಂದರೂ ಏಳಲಿಲ್ಲ.

ಈಗ ನೀನು ಹೇಳಿದ್ದಕ್ಕೆ ಬರುತ್ತೇನೆ. ಅವನ ಬಲಗೈಯಲ್ಲಿ ಇನ್ನು ಉಳಿ ನಿಲ್ಲುವುದು ಕಷ್ಟ ಎಂದೆ ನೀನು. ನನಗೆ ಗೊತ್ತಿಲ್ಲವೇ? ಅವನು ಕೆತ್ತಿದ ಸ್ಫಟಿಕದ ಮೀನು ನನ್ನ ದೇವರ ಗೂಡಿನಲ್ಲಿ ನಿಮ್ಮಪ್ಪನ ಪಟದ ಮುಂದಿದೆ. ಬೆಳಿಗ್ಗೆ ದೀಪ ಹಚ್ಚುವಾಗ ಅದರೊಳಗೆ ಬೆಳಕು ಹೋಗಿ ನಿಲ್ಲುತ್ತದೆ. ನಿನ್ನೆ ಕುಂಬಳಕಾಯಿ ಹಾಕಿ ಹೋತೊ ಶಾವಿಗೆಯ ಸಾರು ಮಾಡಿದೆ. ಬಡಿಸುವಾಗ ಅವನ ಬಟ್ಟಲನ್ನೂ ಕೆಳಗಿಳಿಸಿದ್ದೆ, ಸನಾಯೆ ನೋಡುವ ಮುಂಚೆ ತೆಗೆದಿಟ್ಟೆ. ಅವನು ನನ್ನ ಮಗ. ಅವನ ಮೇಲಿನ ಪ್ರೀತಿಯನ್ನು ಕಿತ್ತು ಬಿಸಾಡಲು ನೋಡಿದೆ, ಬರುತ್ತಿಲ್ಲ. ಆದರೆ ಅದನ್ನು ಇಟ್ಟುಕೊಂಡೇ ಠಾಣೆಗೆ ಹೋಗಬಹುದು ಅಂತ ಕಾಣುತ್ತದೆ.

ಗಂಡ ಹೆಂಡಿರ ಜಗಳ ಎಂದೆಯಲ್ಲ, ಜಗಳಕ್ಕೆ ಇಬ್ಬರು ಬೇಕು. ಇಲ್ಲಿ ಒಬ್ಬ ಮಡಚಿದ, ಒಬ್ಬಳ ಬೆರಳು ಮಡಚಿತು. ನಿನ್ನ ಅತ್ತಿಗೆ ಎಂದು ಬೇಡ, ದಾರಿಯಲ್ಲಿ ಹೋಗುವ ಯಾವಳೋ ಎಂದಾದರೂ ಅಂದುಕೊಂಡು ಓದು. ಆಗಲೂ ನನಗೆ ನೆನಪಿಲ್ಲ ಎನ್ನು ಎನ್ನುತ್ತೀಯಾ?

ಸಿಟ್ಟಿನಲ್ಲಿ ಬರೆದಿದ್ದೇನೆ, ಗೊತ್ತು. ಸಿಟ್ಟು ನಿನ್ನ ಮೇಲಲ್ಲ. ನೀನು ದೂರದಲ್ಲಿದ್ದೀಯ, ದೂರದಿಂದ ಎಲ್ಲರೂ ಒಳ್ಳೆಯವರಾಗಿಯೇ ಕಾಣುತ್ತಾರೆ. ಮುಂದಿನ ತಿಂಗಳು ರಜೆ ಸಿಕ್ಕರೆ ಬಾ. ಪುಟ್ಟಿಗೆ ಮಣಿ ಪೋಣಿಸಲು ಕೊಡುತ್ತೇನೆ. ಅಣ್ಣನನ್ನು ನೋಡಿಬರಬೇಕು ಎನಿಸಿದರೆ ನೋಡಿ ಬಾ, ನಾನು ಬೇಡ ಎನ್ನುವುದಿಲ್ಲ. ಅವನ ಕೈಗೆ ಮುಲಾಮು ಹಚ್ಚುವವರು ಯಾರಾದರೂ ಇರಲಿ.

ನಿನ್ನ ಮನೆಯಲ್ಲಿ ಯಾರ ಕೈಯೂ ಯಾರ ಮೇಲೂ ಏಳದಿರಲಿ, ಮಗಳೇ. ಇದಕ್ಕಿಂತ ದೊಡ್ಡ ಹರಕೆ ನನಗೆ ತೋಚುತ್ತಿಲ್ಲ.

ನಿನ್ನ ಅಮ್ಮ,
ತೋಶಿಯೆ

ತಾ.ಕ.: ಲಕೋಟೆ ಅಂಟಿಸಿ ಅಂಚೆಚೀಟಿಯನ್ನೂ ಹಚ್ಚಿದ್ದೆ. ಮತ್ತೆ ಹರಿದು ತೆಗೆದಿದ್ದೇನೆ. ಮೇಲೆ ಗೊಂದಲ ಎಂದು ಬರೆದೆನಲ್ಲ, ಗೊಂದಲವೇನೂ ಇರಲಿಲ್ಲ. ಎಲ್ಲ ಸ್ಪಷ್ಟವಾಗಿ ನೆನಪಿದೆ.

ಕೇಗೊ ಮೊಣಕಾಲೂರಿದಾಗ ಅವನ ಎಡಗೈ ಮೇಜಿನ ಮೇಲೇ ಉಳಿದಿತ್ತು, ತಲೆ ಮೇಜಿನ ಕೆಳಗಿತ್ತು. ನಾನು ಸುತ್ತಿಗೆಯನ್ನು ಎರಡನೆಯ ಸಲ ಎತ್ತಿದೆ. ಆಗ ಯಾರನ್ನೂ ಕಾಪಾಡುವುದು ಉಳಿದಿರಲಿಲ್ಲ. ಸುಮ್ಮನೆ ಹೊಡೆಯಬೇಕೆನಿಸಿತು, ಆ ಕೈ ಜಜ್ಜಿಹೋಗಲಿ ಎನಿಸಿತು. ಹೊಡೆದೆ. ಅಷ್ಟರಲ್ಲಿ ಸನಾಯೆ, ಕೂದಲು ಇನ್ನೂ ಹೊಗೆಯಾಡುತ್ತಿದ್ದವಳು, ಅವನ ಕೈಯ ಮೇಲೆ ತನ್ನ ಬಲಗೈ ಇಟ್ಟುಬಿಟ್ಟಳು. ಏಟು ಅವಳ ನಡುಬೆರಳಿಗೆ ಬಿತ್ತು. ಮೂಳೆ ಎರಡು ಕಡೆ ಮುರಿದಿದೆ. ಸರಳು ತಿರುಗಿಸುವ ಬೆರಳು ಅದು.

ಆಸ್ಪತ್ರೆಯಲ್ಲಿ ಡಾಕ್ಟರು ಇದು ಹೇಗಾಯಿತು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವಳು, "ಮೆಟ್ಟಿಲಲ್ಲಿ ಜಾರಿದೆ" ಎಂದಳು. ಎಷ್ಟು ಸರಾಗವಾಗಿ ಹೇಳಿದಳು! ಕೇಗೊಗಾಗಿ ಹೇಳಿ ಹೇಳಿ ನಾಲಿಗೆಗೆ ರೂಢಿಯಾದ ಮಾತು ಅದು, ಈ ಸಲ ನನಗಾಗಿ ಹೇಳಿದಳು. ಡಾಕ್ಟರು ನನ್ನನ್ನು ಒಮ್ಮೆ ನೋಡಿ, ನೀವು ಸ್ವಲ್ಪ ಹೊರಗಿರಿ ಎಂದು ಕಳಿಸಿದರು. ಹೊಡೆಯುವವರನ್ನು ಹಾಗೆ ಹೊರಗೆ ಕಳಿಸುತ್ತಾರೆ.

ಪೊಲೀಸರು ಅದನ್ನೂ ಕೇಗೊನ ಲೆಕ್ಕಕ್ಕೇ ಬರೆದುಕೊಂಡಿದ್ದಾರೆ. ಸನಾಯೆ ಬೇಡುತ್ತಾಳೆ: "ಅತ್ತೆ, ಆ ಮಾತು ಎತ್ಲೇಬೇಡಿ. ಎತ್ತಿದ್ರೆ ಅವ್ರ ಲಾಯರು ನಿಮ್ಮನ್ನೇ ಹುಚ್ಚಿ ಅಂತಾನೆ, ನಿಮ್ ಮಾತು ಯಾರೂ ನಂಬಲ್ಲ. ನಾನು ಮತ್ತೆ ಅಲ್ಲಿಗೇ ಹೋಗ್ಬೇಕಾಗತ್ತೆ." ಅವಳು ಹೇಳುವುದು ನಿಜವೇ ಇರಬಹುದು. ಆದರೂ ನಾಳೆ ಮೊದಲು ಆ ಬೆರಳಿನ ಮಾತನ್ನೇ ಹೇಳುತ್ತೇನೆ, ಉಳಿದದ್ದು ಆಮೇಲೆ. ಇಲ್ಲದಿದ್ದರೆ ಅವಳು ಗಂಡನ ಮನೆಯ ಮೆಟ್ಟಿಲಿಂದ ಬಿದ್ದವಳು ನನ್ನ ಮನೆಯ ಮೆಟ್ಟಿಲಿಂದಲೂ ಬಿದ್ದವಳೇ ಆಗಿ ಉಳಿಯುತ್ತಾಳೆ.

ಈಗಷ್ಟೇ ಚಹಾ ತಂದುಕೊಟ್ಟಳು, ಎಡಗೈಯಲ್ಲಿ. ಮೇಲಿನ ದೀಪ ಹಾಕೋಣ ಎಂದು ನಾನು ಕೈ ಎತ್ತಿದೆ. ಅವಳು ಕಣ್ಣು ಮುಚ್ಚಿ ಮುಖ ಪಕ್ಕಕ್ಕೆ ತಿರುಗಿಸಿಕೊಂಡಳು. ಕೋಣೆಯಲ್ಲಿ ಅವಳ ಜೊತೆ ಇದ್ದದ್ದು ನಾನೊಬ್ಬಳೇ, ಚಿನಾಮಿ.